ಎರಡು ಕೈ ಕಾಣಬೇಕು

"ಇದರಲ್ಲಿ ಕೈ ಎಲ್ಲಿ?" ಎಂದರು ಗಿರಿಜಾಂಬಿಕಾ ಮೇಡಂ.

ಪರದೆಯ ಮೇಲೆ ಮುದುಕ ಹುಚ್ಚರಂಗಯ್ಯ ಬಗ್ಗಿ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ. ಬೆನ್ನು ಕಾಣುತ್ತಿತ್ತು. ನೆಲಕ್ಕೆ ಚಾಚಿದ ತೋಳು ಕಾಣುತ್ತಿತ್ತು. ಕೆಸರಿನ ಮೇಲಿಟ್ಟ ನೀಲಿ ಬಕೆಟ್ ಕಾಣುತ್ತಿತ್ತು. ಬಕೆಟ್ಟಿನಲ್ಲಿ ಕಂಬಳಿ, ಟಾರ್ಪಾಲು, ಅಕ್ಕಿ, ಬೇಳೆ, ಸೋಪು. ಬಕೆಟ್ಟಿನಿಂದಾಚೆ ದೂರದಲ್ಲಿ ಸಾಹುಕಾರ ಸದಾಶಿವಯ್ಯನವರು ಕೈ ಹಿಂದೆ ಕಟ್ಟಿಕೊಂಡು ಕ್ಯಾಮೆರಾ ನೋಡಿ ನಗುತ್ತಿದ್ದರು. ಅವರ ತಲೆಯ ಮೇಲೆ ಸಂಸ್ಥೆಯ ಬ್ಯಾನರು.

ಮೇಡಂ ಮುಂದಿನ ಫೋಟೋ ಹಾಕಿದರು. ಬೇರೆ ಹೆಂಗಸು, ಅದೇ ಬಗ್ಗಿದ ಬೆನ್ನು. ಅದರ ಮುಂದಿನದು. ಅಲ್ಲೂ ಬಕೆಟ್ ನೆಲದ ಮೇಲೇ ಕೂತಿತ್ತು.

"ಯಾರು ತೆಗೆದಿದ್ದು ಇವು?"

ಪುಷ್ಪಲತಾ ಎದ್ದು ನಿಂತಳು.

"ನೀನಾ? ಬ್ಯಾಚಿಗೇ ಬೆಸ್ಟ್ ಸ್ಟೂಡೆಂಟು ನೀನು. ಎರಡು ಕೈ ಕಾಣಬೇಕು ಅಂತ ಎಷ್ಟು ಸಲ ಹೇಳಿದೀನಮ್ಮ? ಕೊಡೋ ಕೈ, ತಗೊಳ್ಳೋ ಕೈ, ಮಧ್ಯೆ ಸಾಮಾನು. ಇದನ್ನ ದಾನಿಗಳಿಗೆ ಕಳಿಸಿದ್ರೆ ಏನಂತಾರೆ? ಜನರನ್ನ ಬಗ್ಗಿಸಿ ಕೊಡ್ತಾ ಇದೀರಾ ಅನ್ನಲ್ವಾ?"

ಬಗ್ಗಿಸಿಯೇ ಕೊಟ್ಟಿದ್ದು ಮೇಡಂ ಎನ್ನಬಹುದಿತ್ತು. ಪುಷ್ಪಲತಾ ಅನ್ನಲಿಲ್ಲ. ತರಬೇತಿಗೆ ಬಂದಿದ್ದ ಉಳಿದವರೂ ಅನ್ನಲಿಲ್ಲ. ಎಲ್ಲರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಹುಡುಗಿಯರು. ಬಕೆಟ್ ಯಾಕೆ ನೆಲದ ಮೇಲಿದೆ ಎನ್ನುವುದು ಅವರಲ್ಲಿ ಯಾರಿಗೆ ತಾನೇ ಗೊತ್ತಿರಲಿಲ್ಲ? ಪಕ್ಕದಲ್ಲಿ ಕೂತಿದ್ದ ಉಜ್ವಲ್ ಮೊಬೈಲಿನೊಳಗೆ ತಲೆ ಹುದುಗಿಸಿದ. ಗೊತ್ತಿದ್ದವರೆಲ್ಲ ಗೊತ್ತಿಲ್ಲದವರ ಹಾಗೆ ಕೂರುವುದು ನಮ್ಮ ಸೀಮೆಯ ಹಳೆಯ ವಿದ್ಯೆ. ಅದಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ತರಬೇತಿ ನಡೆಯುತ್ತಿದ್ದದ್ದು ತಿಪಟೂರಿನ ಸ್ಟೇಷನ್ ರಸ್ತೆಯ ಒಂದು ಮಹಡಿಯಲ್ಲಿ. ನೆರೆ, ಬೆಂಕಿ, ಬಿರುಗಾಳಿ ಎಂದು ಎಲ್ಲಿ ಜನ ಬೀದಿಗೆ ಬಿದ್ದರೂ ಅಲ್ಲಿಗೆ ಹೋಗಿ ಸಾಮಾನು ಹಂಚುವ ಸಂಸ್ಥೆ ಅದು. ಹಂಚಿದ್ದನ್ನು ಫೋಟೋದಲ್ಲಿ, ವಿಡಿಯೋದಲ್ಲಿ, ಬರವಣಿಗೆಯಲ್ಲಿ ದಾಖಲು ಮಾಡಲು ಅದಕ್ಕೆ ಆಯಾ ಸೀಮೆಯ ಜನ ಬೇಕಾಗಿದ್ದರು. ಕಲಿತವರಿಗೆಲ್ಲ ಸರ್ಟಿಫಿಕೇಟು. ಕಲಿತವರಲ್ಲಿ ಒಬ್ಬರಿಗೆ ಕೆಲಸ. ತಿಂಗಳ ಸಂಬಳ, ಬಸ್ ಪಾಸು, ಹೆಗಲಿಗೊಂದು ಕ್ಯಾಮೆರಾ.

ಪುಷ್ಪಲತಾಗೆ ಆ ಕೆಲಸ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಸಾಲದು. ಬಿ.ಎ. ಮುಗಿಸಿ ಎರಡು ವರ್ಷದಿಂದ ಅವಳು ಅವ್ವ ಸಿದ್ದಕ್ಕನ ಪಕ್ಕ ಸದಾಶಿವಯ್ಯನವರ ಕೊಬ್ಬರಿ ಅಂಗಳದಲ್ಲಿ ಕೂತು ಚಿಪ್ಪು ಒಡೆಯುತ್ತಿದ್ದಳು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿ ಇಳಿಯುತ್ತದೆ. ಗಂಡಸರು ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಒತ್ತಿ ಮಟ್ಟೆ ಸುಲಿಯುತ್ತಾರೆ. ಹೆಂಗಸರು ಚಿಪ್ಪಿಗೆ ಮಚ್ಚಿನ ಬೆನ್ನಿನಿಂದ ಬಡಿದು ಒಳಗಿನ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯಬೇಕು. ಉಂಡೆ ಬಿರಿದರೆ ಬೈಗುಳ. ಚಿಪ್ಪಿನ ಚೂರು ಅಂಗೈಗೆ ಹೊಕ್ಕರೆ ಅವರವರ ಹಣೆಬರಹ. ಧೂಳು ಗಂಟಲಿಗಿಳಿದು ಸಂಜೆ ಕೆಮ್ಮಿದರೆ ಕಂದು ಬಣ್ಣದ ಕಫ ಬೀಳುತ್ತದೆ. ನೀರು ಕೇಳಿದರೆ ಮನೆಯವರು ಚೊಂಬನ್ನು ಎತ್ತರಕ್ಕೆ ಹಿಡಿದು ಬೊಗಸೆಗೆ ಸುರಿಯುತ್ತಾರೆ. ಕೂಲಿಯನ್ನು ಜಗಲಿಯ ಕಲ್ಲಿನ ಮೇಲೆ ಇಡುತ್ತಾರೆ. ಡಿಗ್ರಿ ಮಾಡಿದವಳೂ ಅದನ್ನು ಕಲ್ಲಿನಿಂದಲೇ ಎತ್ತಿಕೊಳ್ಳಬೇಕು.

ಆ ಕಲ್ಲನ್ನು ಮತ್ತೆ ಮುಟ್ಟಬಾರದು ಎಂದು ಪುಷ್ಪಲತಾ ತರಬೇತಿಗೆ ಸೇರಿದ್ದಳು. ಮೊದಲ ವಾರ ಮೇಡಂ ಹೇಳಿದ್ದನ್ನು ಕೇಳಿ ಅವಳ ಕಣ್ಣು ಒದ್ದೆಯಾಗಿತ್ತು. ಕಷ್ಟದಲ್ಲಿರುವವರನ್ನು ಮೇಲಿನಿಂದ ಕೆಳಗೆ ನೋಡಿ ಫೋಟೋ ತೆಗೆಯಬೇಡಿ, ಅವರು ಕೂತಿದ್ದರೆ ನೀವೂ ಕೂರಿ. ಒಪ್ಪಿಗೆ ಕೇಳಿ. ಅಳುವ ಮುಖ ಹುಡುಕಬೇಡಿ. ಅವರಿಗೂ ಘನತೆ ಇದೆ. ಘನತೆ ಎಂಬ ಮಾತು ಪುಸ್ತಕದಲ್ಲಿ ಓದಿದ್ದಳು. ಬಾಯಿಬಿಟ್ಟು, ಅದೂ ಸಂಬಳ ಕೊಟ್ಟು ಹೇಳಿಸುವ ಕೆಲಸವೊಂದು ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಮಳೆ ಬಂತು. ಹೊಂಗೆಕಟ್ಟೆಯ ಕೆರೆ ಕೋಡಿ ಬಿತ್ತು. ಕೋಡಿ ಬಿದ್ದರೆ ಊರಿಗೆ ಹಬ್ಬ. ಊರಿನ ಹೆಂಗಸರು ರೇಷ್ಮೆ ಸೀರೆ ಉಟ್ಟು ಏರಿಯ ಮೇಲೆ ನಿಂತು ಕೆರೆಗೆ ಬಾಗಿನ ಬಿಟ್ಟರು. ಅದೇ ಹೊತ್ತಿಗೆ ಕೋಡಿಯ ನೀರು ಕೆಳಗಿನ ಎ.ಕೆ. ಕಾಲೊನಿಯ ಮನೆಗಳೊಳಕ್ಕೆ ನುಗ್ಗಿ ಗೋಡೆ ಬೀಳಿಸುತ್ತಿತ್ತು. ಊರು ಕಟ್ಟುವಾಗ ಹಳ್ಳದ ಬಾಯಿಗೆ ಯಾರನ್ನು ಕೂರಿಸಬೇಕು ಎಂದು ಹಿರಿಯರು ಬಹಳ ಯೋಚಿಸಿಯೇ ಕೂರಿಸಿದ್ದರು. ಸಂಸ್ಥೆಯ ಲಾರಿ ಹೊಂಗೆಕಟ್ಟೆಗೆ ಬಂತು. ಸಾಮಾನು ಇಡಲು ಸದಾಶಿವಯ್ಯನವರು ತಮ್ಮ ಗೋಡೌನು ಕೊಟ್ಟರು. ಹಾಗಾಗಿ ಅವರು 'ಸ್ಥಳೀಯ ಸಹಭಾಗಿ' ಆದರು, ಬ್ಯಾನರಿನಲ್ಲಿ ಹೆಸರು ಬಂತು, ಹಂಚುವ ಕೈಯೂ ಅವರದೇ ಆಯಿತು.

ಮೊದಲ ಸಲ ಕಾಲೊನಿಯ ಅರ್ಧ ಮನೆಗಳಿಗೆ ಹಂಚಿದರು. ಆವತ್ತು ಮೇಡಂ ಬಂದಿರಲಿಲ್ಲ. ಆ ಹಂಚಿಕೆಯ ಫೋಟೋಗಳೇ ಈಗ ಪರದೆಯ ಮೇಲಿದ್ದವು.

ಮೇಡಂ ಸದಾಶಿವಯ್ಯನವರಿಗೆ ಫೋನ್ ಮಾಡಿದರು. ಕಿಟಕಿಯ ಹತ್ತಿರ ನಿಂತು ಮಾತಾಡಿದರು. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ.

"ಅವರಲ್ಲಿ ಏನೋ ಒಂದು ಪದ್ಧತಿ ಇದೆಯಂತೆ. ಮನೇಲಿ ಪೂಜೆ, ಮಡಿ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು. ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಅರ್ಥವಾಗಿದ್ದನ್ನು ಬಾಯಲ್ಲಿ ಆಡುವುದು ಅವರಿಗೆ ಬೇಡವಾಗಿತ್ತು. "ನೋಡಿ, ಅವರ ಗೋಡೌನು ಇಲ್ದೆ ನಮಗೆ ಕೆಲಸ ಆಗಲ್ಲ. ನಮಗೆ ಎರಡು ಕೈ ಇರೋ ಫೋಟೋ ಬೇಕೇ ಬೇಕು. ಶುಕ್ರವಾರ ಉಳಿದ ಮನೆಗಳಿಗೆ ಹಂಚ್ತೀವಿ. ಫೀಲ್ಡಲ್ಲಿ ಇಂಥ ಕಷ್ಟ ಬರುತ್ತೆ. ಇದಕ್ಕೊಂದು ದಾರಿ ಹುಡುಕೋರು ಯಾರು? ನಮಗೆ ಬೇಕಾಗಿರೋದು ಅಂಥೋರು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೆಲಸ ಬೇಕಾದವರು ಉಪಾಯ ಹೇಳಬೇಕು.

ಉಜ್ವಲ್ ಕೈ ಎತ್ತಿದ. "ಹಿಂದಿನಿಂದ ತೆಗೆದ್ರೆ ನೆಲ ಕಾಣಲ್ಲ ಮೇಡಂ." ಆಗುವುದಿಲ್ಲ ಎಂದರು. ಇನ್ನೊಬ್ಬಳು ಮೇಜು ಇಡೋಣ ಎಂದಳು. ಮೇಜಿನ ಮೇಲಿದ್ದರೂ ಕೊಡುವ ಕೈ ಬರುವುದಿಲ್ಲವಲ್ಲ ಎಂದರು.

ಪುಷ್ಪಲತಾಗೆ ಉಪಾಯ ಥಟ್ಟನೆ ಹೊಳೆಯಿತು. ಹೊಳೆಯದೆ ಏನು? ಯಾವುದಕ್ಕೆ ಮೈಲಿಗೆ ತಟ್ಟುತ್ತದೆ, ಯಾವುದಕ್ಕೆ ತಟ್ಟುವುದಿಲ್ಲ ಎನ್ನುವುದು ಅದನ್ನು ಹೊತ್ತು ತಿರುಗುವವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ. ಕೊಬ್ಬರಿಗೆ ತಟ್ಟುವುದಿಲ್ಲ. ನೋಟಿಗೆ ತಟ್ಟುವುದಿಲ್ಲ. ಚೊಂಬಿಗೆ ತಟ್ಟುತ್ತದೆ. ಜಗಲಿಗೆ ತಟ್ಟುತ್ತದೆ. ಸದಾಶಿವಯ್ಯನವರ ಮಗ ಹಸುವಿಗೆ ಇಂಜೆಕ್ಷನ್ ಕೊಡಿಸುವಾಗ ಡಾಕ್ಟರಿನ ಜೊತೆ ಬಂದ ಕಾಲೊನಿಯ ಕಾಂಪೌಂಡರು ರಬ್ಬರಿನ ಗ್ಲೌಸು ಹಾಕಿ ಹಗ್ಗ ಹಿಡಿದಿದ್ದ. ಅವನು ಕೊಟ್ಟಿಗೆಗೆ ಬಂದಿದ್ದಕ್ಕೆ ಯಾರೂ ಏನೂ ಅಂದಿರಲಿಲ್ಲ.

"ಗ್ಲೌಸು ಮೇಡಂ," ಎಂದಳು. "ಸಾಹುಕಾರ್ರಿಗೆ ಗ್ಲೌಸು ಕೊಡೋಣ. ಹಾಕ್ಕಂಡ್ರೆ ಕೈಗೇ ಕೊಡ್ತಾರೆ."

ಮೇಡಂ ಒಂದು ಗಳಿಗೆ ಅವಳನ್ನೇ ನೋಡಿದರು. ಮುಖ ಅರಳಿತು. "ನೋಡಿ! ಲೋಕಲ್ ಆಗಿ ಇರೋರಿಗೆ ಮಾತ್ರ ಇದು ಹೊಳೆಯೋದು. ಗ್ಲೌಸ್ ಇದ್ರೆ ಫೋಟೋನೂ ಎಷ್ಟು ಪ್ರೊಫೆಷನಲ್ ಆಗಿ ಬರುತ್ತೆ. ಎಲ್ಲರೂ ಚಪ್ಪಾಳೆ ಹೊಡೀರಿ."

ಚಪ್ಪಾಳೆ ಹೊಡೆದರು. ಪುಷ್ಪಲತಾಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಖುಷಿಯೇ ಆಯಿತು. ಕೆಲಸ ಸಿಕ್ಕೇ ಬಿಟ್ಟಿತು ಅನ್ನಿಸಿತು. ಆ ಖುಷಿಯ ಕೆಳಗೆ ಏನೋ ಚುಚ್ಚುತ್ತಿತ್ತು. ಚಿಪ್ಪಿನ ಚೂರು ಚರ್ಮದೊಳಗೆ ಉಳಿದರೆ ಹೀಗೇ ಚುಚ್ಚುತ್ತದೆ, ಒತ್ತಿದರೆ ಮಾತ್ರ ನೋಯುತ್ತದೆ. ಅವಳು ಒತ್ತಲು ಹೋಗಲಿಲ್ಲ.

ಮೇಡಂ ಮತ್ತೆ ಫೋನ್ ಮಾಡಿದರು, ಈ ಸಲ ಎಲ್ಲರಿಗೂ ಕೇಳುವಂತೆ. ಸದಾಶಿವಯ್ಯನವರು ಆ ಕಡೆಯಿಂದ ಜೋರಾಗಿ ನಕ್ಕರು. "ಡಾಕ್ಟ್ರು ಥರಾ ಅನ್ನಿ! ಆಗ್ಲಿ ಬುಡಿ ಮೇಡಂ, ಅದಕ್ಕೇನಂತೆ."

"ಮೊದಲು ನಿಮ್ಮ ತಾಯಿಗೇ ಕೊಡೋಣ," ಎಂದರು ಮೇಡಂ ಪುಷ್ಪಲತಾಗೆ. "ನೀನಿರ್ತೀಯಲ್ಲ, ಅವರು ಧೈರ್ಯವಾಗಿ ನಿಂತ್ಕೋತಾರೆ. ಆ ಫೋಟೋ ಚೆನ್ನಾಗಿ ಬಂದ್ರೆ ನಿನ್ನ ಹೆಸರೇ ಮೇಲಕ್ಕೆ ಕಳಿಸ್ತೀನಿ."

ಗೋಡೆ ಬಿದ್ದ ಮೇಲೆ ಸಿದ್ದಕ್ಕನ ಸಂಸಾರ ಅಂಗನವಾಡಿಯ ಪಡಸಾಲೆಯಲ್ಲಿತ್ತು. ಶುಕ್ರವಾರ ಬೆಳಿಗ್ಗೆ ಸಿದ್ದಕ್ಕ ಬೆಳಕಿಗೆ ಕೈ ಒಡ್ಡಿಕೊಂಡು ಪಿನ್ನಿನಿಂದ ಅಂಗೈ ಕೆದಕುತ್ತಿದ್ದಳು. ನೆರೆ ಬಂದರೂ ಅಂಗಳದ ಕೆಲಸ ನಿಂತಿರಲಿಲ್ಲ. ಅಟ್ಟಕ್ಕೆ ನೀರು ಹತ್ತಿರಲಿಲ್ಲವಲ್ಲ.

"ಇವತ್ತು ನೀನೇ ಮೊದ್ಲು ಕಣವ್ವ," ಎಂದಳು ಪುಷ್ಪಲತಾ.

"ಮೊದ್ಲಾದ್ರೇನು, ಕೊನೆಯಾದ್ರೇನು. ಕಂಬ್ಳಿ ಸಿಕ್ರೆ ಸಾಕು. ಮೈಯೆಲ್ಲ ಶೀತ ಹಿಡ್ದು ಹೋಗೈತೆ."

"ನಾನೇ ಫೋಟೋ ತೆಗೀತೀನಿ. ನಗ್ತಾ ನಿಂತ್ಕಬೇಕು."

"ಮೊನ್ನೆ ಹುಚ್ಚರಂಗಣ್ಣ ನಕ್ಕನೇನೇ?"

"ಇವತ್ತು ಹಂಗಲ್ಲ. ಸಾಹುಕಾರ್ರು ಕೈಗೇ ಕೊಡ್ತಾರೆ."

ಸಿದ್ದಕ್ಕ ಪಿನ್ನು ಕೆಳಗಿಟ್ಟಳು. "ಕೈಗೆ? ನನ್ ಕೈಗೆ?"

"ಹೂಂ."

"ಸುಳ್ಳು ಹೇಳ್ಬ್ಯಾಡ."

"ದೇವರಾಣೆ ಕಣವ್ವ."

ಸಿದ್ದಕ್ಕ ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಉಗುರಿನ ಸಂದಿಯ ಮಟ್ಟೆಯ ಕಪ್ಪನ್ನು ಕಡ್ಡಿಯಿಂದ ತೆಗೆದಳು. ಮತ್ತೆ ತೊಳೆದಳು. ಮಗಳು ಅದನ್ನು ನೋಡಿದಳು. ಗ್ಲೌಸಿನ ಮಾತು ಗಂಟಲವರೆಗೆ ಬಂತು. ಅವಳು ಅದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ, ಹಾಗೇ ಇಟ್ಟುಕೊಂಡು ಲಾರಿ ಬಂತೇನೋ ನೋಡುತ್ತೀನಿ ಎಂದು ಹೊರಗೆ ಹೋದಳು.

ಲಾರಿ ಗೋಡೌನಿನಿಂದ ಸಾಮಾನು ತುಂಬಿಕೊಂಡು ಬಂದಿತ್ತು, ಮೇಡಂ ಮತ್ತು ಉಜ್ವಲ್ ಅದರಲ್ಲೇ ಬಂದಿದ್ದರು. ಹಿಂದೆಯೇ ಸದಾಶಿವಯ್ಯನವರ ಕಾರು. ಬ್ಯಾನರು ಎರಡು ತೆಂಗಿನ ಮರಕ್ಕೆ ಕಟ್ಟಿದರು. ಕಾಲೊನಿಯ ಜನ ಸಾಲು ನಿಂತರು. ಮೋಡ ಕವಿದಿತ್ತು. ನೆಲ ಪಚಪಚ ಎನ್ನುತ್ತಿತ್ತು. ಮೇಡಂ ತಿಪಟೂರಿನ ಔಷಧಿ ಅಂಗಡಿಯಿಂದ ತಂದ ಗ್ಲೌಸಿನ ಡಬ್ಬವನ್ನು ಪುಷ್ಪಲತಾಗೆ ಕೊಟ್ಟು, "ಸರ್‌ಗೆ ಕೊಟ್ಬಿಡು" ಎಂದರು.

ಪುಷ್ಪಲತಾ ಡಬ್ಬ ತೆಗೆದುಕೊಂಡು ಹೋದಳು. ಸದಾಶಿವಯ್ಯನವರ ಮುಂದೆ ಒಂದು ಸ್ಟೂಲಿತ್ತು. ಡಬ್ಬವನ್ನು ಸ್ಟೂಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಕಾಲುಗಳು ತಾವೇ ಸರಿದಿದ್ದವು. ಸರಿದ ಮೇಲೆ ಅವಳಿಗೆ ಗೊತ್ತಾಯಿತು.

ಸದಾಶಿವಯ್ಯನವರು ಗ್ಲೌಸಿಗೆ ಕೈ ತೂರಿಸಿದರು. ಉಂಗುರಕ್ಕೆ ಸಿಕ್ಕಿ ಒಂದು ಹರಿಯಿತು. ಬೆರಳು ಹೊರಗೆ ಕಾಣಿಸಿತು. ಅವರು ಬೆಂಕಿ ತಾಗಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು, "ಏ, ಇನ್ನೊಂದು ಮಡುಗು ಇಲ್ಲಿ" ಎಂದರು. ಪುಷ್ಪಲತಾ ಡಬ್ಬದಿಂದ ಇನ್ನೊಂದನ್ನು ತೆಗೆದು ಸ್ಟೂಲಿನ ಮೇಲಿಟ್ಟಳು.

"ಸರ್, ಅವರು ಹಿಡಿಯೋವರೆಗೂ ಬಕೆಟ್ ಬಿಡಬೇಡಿ. ಅಮ್ಮ, ಬನ್ನಿ. ಸರ್ ಮುಖ ನೋಡಿ. ನಗು, ನಗು," ಎಂದರು ಮೇಡಂ.

ಪುಷ್ಪಲತಾ ಮೊಣಕಾಲೂರಿ ಕೂತಳು. ಕ್ಯಾಮೆರಾ ಕಣ್ಣಿಗಿಟ್ಟಳು. ಎಲ್ಲ ಸರಿಯಾಗಿ ಬಂದಿತ್ತು. ಮೇಲೆ ಬ್ಯಾನರು. ಎಡಕ್ಕೆ ಸದಾಶಿವಯ್ಯ. ಬಲದಿಂದ ಅವ್ವ ಬಂದಳು, ತಲೆ ಬಾಚಿಕೊಂಡು, ಇದ್ದುದರಲ್ಲಿ ಒಣಗಿದ್ದ ಸೀರೆ ಉಟ್ಟು. ತೊಳೆದ ಎರಡು ಕೈ ಮುಂದಕ್ಕೆ ಬಂದವು. ಅವ್ವ ನಗುತ್ತಿದ್ದಳು. ಯಾರೂ ಹೇಳಿಕೊಡದಿದ್ದರೂ ನಗುತ್ತಿದ್ದಳು.

ಆ ಕಡೆಯಿಂದ ಎರಡು ನೀಲಿ ಕೈ ಬಂದವು.

ಅವ್ವನ ಕೈ ನಿಂತಿತು. ನಗು ಒಂದಷ್ಟು ಹೊತ್ತು ಮುಖದಲ್ಲೇ ಉಳಿದಿತ್ತು, ಆಮೇಲೆ ಅದೂ ಹೋಯಿತು.

"ಇದೇನಿದು?" ಎಂದಳು ಸಿದ್ದಕ್ಕ.

"ಸ್ವಚ್ಛತೆಗೆ ಅಮ್ಮ. ಹೈಜೀನ್," ಎಂದರು ಮೇಡಂ.

"ಮೊನ್ನೆ ಹುಚ್ಚರಂಗಣ್ಣಂಗೆ ಕೆಸರಿನ ಮ್ಯಾಲೆ ಮಡುಗ್ದಾಗ ಎಲ್ಲೋಗಿತ್ತವ್ವ ನಿನ್ ಸ್ವಚ್ಛತೆ?"

ಸದಾಶಿವಯ್ಯನವರಿಗೆ ಬಕೆಟ್ಟಿನ ಭಾರಕ್ಕೆ ತೋಳು ನೋಯತೊಡಗಿತ್ತು. "ತಗೊಳ್ಳೇ ಸಿದ್ದಿ. ಕೈಗೇ ಕೊಡ್ತಾ ಇವ್ನಿ. ಇನ್ನೇನೇ ಬೇಕು ನಿಂಗೆ?"

ಸಿದ್ದಕ್ಕ ಎರಡೂ ಅಂಗೈ ಅಗಲಿಸಿ ಅವರ ಮುಖದ ಮುಂದೆ ಹಿಡಿದಳು. ಬೆಳಿಗ್ಗೆ ಕೆದಕಿದ ಕಡೆ ರಕ್ತ ಜಿನುಗುತ್ತಿತ್ತು.

"ಈ ಕೈಗೆ ಏನ್ ರೋಗ ಬಂದೈತೆ ಹೇಳ್ರಿ ಸಾವ್ಕಾರ್ರೆ. ಇಪ್ಪತ್ತು ವರ್ಷದಿಂದ ನಿಮ್ ಅಂಗಳದಾಗೆ ಸವೆದಿರೋ ಕೈ ಇದು. ಈ ಕೈಲಿ ತೆಗ್ದ ಉಂಡೆ ನಿಮ್ ದೇವ್ರ ಮುಂದೆ ಕುಂತೈತೆ. ನಿಮ್ ಮಗಳ ಮದ್ವೇಲಿ ಮಡ್ಲು ತುಂಬಿದ್ದು ಈ ಕೈಲಿ ಒಡ್ದ ಕೊಬ್ರಿ. ಅದನ್ನ ಬಾಯಿಗ್ ಹಾಕ್ಕಂಡು ಕಚ್ಚೋವಾಗ ಹಲ್ಲಿಗೂ ಒಂದು ರಬ್ಬರ್ ಚೀಲ ಏರ್ಸ್ಕಂತೀರಾ?"

ಸಾಲಿನಲ್ಲಿ ಯಾರೋ ನಕ್ಕರು. ಮಟ್ಟೆ ಸುಲಿಯುವ ಭೀಮರಾಜು ಇರಬೇಕು. ಸದಾಶಿವಯ್ಯನವರ ಕಿವಿ ಕೆಂಪಾಯಿತು. ಬಕೆಟ್ಟನ್ನು ದೊಪ್ಪನೆ ಕೆಳಗಿಟ್ಟರು.

"ನಾಳೆಯಿಂದ ಅಂಗಳದ ಕಡೆ ತಲೆ ಹಾಕ್ಬ್ಯಾಡ ನೀನು. ನಿನ್ ಮಗಳೂ ಅಷ್ಟೆ. ನಗೋ ನನ್ ಮಕ್ಳೂ ಕೇಳಿಸ್ಕಳಿ. ಅನ್ನ ಹೆಚ್ಚಾಗೈತೆ ನಿಮಗೆ."

ಯಾರೂ ನಗಲಿಲ್ಲ. ಅಂಗಳ ತಪ್ಪಿದರೆ ಏನು ತಪ್ಪುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ಓಡಿ ಬಂದು ಪುಷ್ಪಲತಾಳ ತೋಳು ಹಿಡಿದರು.

"ನಿಮ್ಮ ತಾಯಿಗೆ ಹೇಳಮ್ಮ! ಒಂದೇ ಒಂದು ಫೋಟೋ. ಗ್ಲೌಸ್ ಹಾಕಿದ್ರೆ ಇಲ್ಲಿ ಎಲ್ರೂ ಒಪ್ತಾರೆ ಅಂತ ನೀನೇ ಅಲ್ವಾ ಹೇಳಿದ್ದು? ನಿನ್ನ ಐಡಿಯಾ ತಾನೇ ಇದು?"

ಸಿದ್ದಕ್ಕ ತಿರುಗಿದಳು. ಸಾಲಿನಲ್ಲಿದ್ದ ಮುಖಗಳೆಲ್ಲ ತಿರುಗಿದವು.

"ಏನಂತಾವ್ಳೆ ಇವ್ಳು?" ಎಂದಳು ಸಿದ್ದಕ್ಕ. "ನೀನಾ ಹೇಳ್ಕೊಟ್ಟಿದ್ದು?"

ಇಲ್ಲ ಎನ್ನಬಹುದಿತ್ತು. ಮೇಡಂ ತಪ್ಪು ತಿಳಿದಿದ್ದಾರೆ ಎಂದರೆ ಅವ್ವ ನಂಬುತ್ತಿದ್ದಳು. ಮಗಳು ಹೇಳಿದ್ದನ್ನೆಲ್ಲ ನಂಬಿದವಳು. ಆ ಬೆಳಿಗ್ಗೆಯೂ ನಂಬಿಯೇ ಕೈ ತೊಳೆದುಕೊಂಡಿದ್ದಳು.

"ಹೂಂ ಕಣವ್ವ," ಎಂದಳು ಪುಷ್ಪಲತಾ. "ನಾನೇ ಹೇಳ್ಕೊಟ್ಟೆ. ಕೆಲ್ಸ ಬೇಕಾಗಿತ್ತು. ನಿನ್ ಕೈ ನೆನಪಾಗ್ಲಿಲ್ಲ."

ಸಿದ್ದಕ್ಕ ಬೈಯಲಿಲ್ಲ. ಹೊಡೆಯಲಿಲ್ಲ. ಚಾಚಿದ್ದ ಕೈಗಳನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಪುಷ್ಪಲತಾಗೆ ನಾಚಿಕೆಯಾಯಿತು, ಆ ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ತನ್ನ ಮೇಲೆ ಬಂತು. ಚಪ್ಪಾಳೆ ಹೊಡೆದವರ ಮೇಲೆ ಬಂತು. ಬಗ್ಗಿಸುವುದನ್ನು ಬಿಟ್ಟು ಬಗ್ಗಿದ್ದು ಕಾಣದ ಹಾಗೆ ಮಾಡುವುದನ್ನೇ ಕಲಿಸಿದ ತರಬೇತಿಯ ಮೇಲೆ ಬಂತು.

ಅವಳು ಎದ್ದು ಸದಾಶಿವಯ್ಯನವರ ಎದುರು ಹೋಗಿ ನಿಂತಳು. ಸ್ಟೂಲನ್ನು ದಾಟಿ, ತೋಳು ಚಾಚಿದರೆ ಮುಟ್ಟುವಷ್ಟು ಹತ್ತಿರ. ಅಷ್ಟು ಹತ್ತಿರ ಅವಳು ಯಾವತ್ತೂ ನಿಂತಿರಲಿಲ್ಲ.

"ಗ್ಲೌಸು ಬಿಚ್ಚಿ ಕೊಡಿ."

ಸದಾಶಿವಯ್ಯನವರು ಬಿಚ್ಚಿದರು. ಬಿಚ್ಚಲು ಅವರಿಗೂ ಅವಸರವಿತ್ತು. ಬಿಚ್ಚಿ ಸ್ಟೂಲಿನ ಮೇಲಿಡಲು ಬಗ್ಗಿದರು.

"ಅಲ್ಲಲ್ಲ. ಇಲ್ಲಿ. ಕೈಗೆ ಕೊಡಿ."

ಅವಳ ಬಲಗೈ ಅವರ ಎದೆಯ ಮುಂದೆ ಇತ್ತು. ಅವರ ಕೈಗಳು ಈಗ ಬರಿಗೈ. ಗ್ಲೌಸು ಬೆರಳ ತುದಿಯಲ್ಲಿ ನೇತಾಡುತ್ತಿತ್ತು.

"ಏ ಹುಡ್ಗಿ, ದೂರ ಸರ್ಕೊ."

"ಕೊಟ್ರೆ ಸರ್ಕತೀನಿ. ಸಂಸ್ಥೆದು ಇದು, ನಾನು ಒಪ್ಪಿಸ್ಬೇಕು. ಕೈಗೆ ಕೊಡಿ."

"ಹೋಗ್ಲಿ ಬಿಡಮ್ಮ ಪುಷ್ಪಲತಾ," ಎಂದರು ಮೇಡಂ. "ಡಿಸ್ಪೋಸಬಲ್ ಅದು. ಎಸೆಯೋ ವಸ್ತು."

"ಎಸೆಯೋ ವಸ್ತುನೂ ಕೈಗೆ ಕೊಡಾಕೆ ಆಗಲ್ವಾ ಮೇಡಂ ಇವ್ರಿಗೆ?"

ಸಾಲಿನಲ್ಲಿ ಒಬ್ಬರೂ ಅಲುಗಲಿಲ್ಲ. ಸದಾಶಿವಯ್ಯನವರು ಅವರನ್ನು ನೋಡಿದರು, ಇವರನ್ನು ನೋಡಿದರು. ತಮ್ಮ ಪರವಾಗಿ ಮಾತಾಡುವವರು ಯಾರಾದರೂ ಸಿಗುತ್ತಾರೇನೋ ಎಂದು ಉಜ್ವಲ್‌ನ ಮುಖವನ್ನೂ ನೋಡಿದರು. ಅವನು ಈ ಸಲ ಮೊಬೈಲು ನೋಡಲಿಲ್ಲ. ಸಾಹುಕಾರರನ್ನೇ ನೋಡುತ್ತಿದ್ದ. ಹಾಗೆ ಎಲ್ಲರೂ ನೋಡುತ್ತ ನಿಂತಿದ್ದನ್ನು ತಡೆಯಲಾರದೆ ಅವರು ಗ್ಲೌಸನ್ನು ಕೆಸರಿಗೆ ಬಿಸಾಕಿ ಕಾರಿನ ಕಡೆ ಹೊರಟರು.

"ಲಾರಿ ವಾಪಸ್ ಹೊಡ್ಕಂಡು ಹೋಗ್ಲಾ!" ಎಂದು ಹೋಗುತ್ತಲೇ ಡ್ರೈವರಿಗೆ ಕೂಗಿದರು. "ಇವ್ರಿಗೆ ಒಂದು ಕಾಳೂ ಇಳಿಸ್ಬ್ಯಾಡ."

ಡ್ರೈವರು ಮೇಡಂ ಮುಖ ನೋಡಿದ. ಮೇಡಂ ಎರಡೂ ಕೈ ಹಣೆಗೆ ಒತ್ತಿಕೊಂಡಿದ್ದರು.

"ಫೋಟೋ ಇಲ್ದೆ ಸಾಮಾನು ಇಳಿಸೋ ಹಾಗಿಲ್ಲ," ಎಂದರು. "ನಾನೇನು ಮಾಡ್ಲಿ? ರೂಲ್ಸು ನಂದಲ್ಲ."

"ದಾನಿಗಳು ಕಂಬ್ಳಿ ಕಳ್ಸಿದ್ದು ಯಾರಿಗೆ ಮೇಡಂ?" ಎಂದಳು ಪುಷ್ಪಲತಾ. "ಫೋಟೋಕ್ಕಾ, ನಮ್ಗಾ? ಸಾಹುಕಾರ್ರ ಮನೆ ಗಂಟಲ್ಲ ಇದು. ಅವ್ರು ಬ್ಯಾಡ ಅಂದ್ರೆ ಬ್ಯಾಡ ಆಗಾಕೆ." ಅವಳು ಸಾಲಿನ ಕಡೆ ತಿರುಗಿದಳು. "ಏನ್ ನೋಡ್ತಾ ನಿಂತಿದೀರಿ? ಇಳ್ಸ್ಕಳಿ."

ಯಾರೂ ಕದಲಲಿಲ್ಲ. ಗ್ಲೌಸು ತಂದವಳ ಮಾತನ್ನು ಅವರು ಯಾಕೆ ಕೇಳಬೇಕು ಎಂದು ಪುಷ್ಪಲತಾಗೇ ಅನ್ನಿಸಿತು.

ಸಿದ್ದಕ್ಕ ಸೆರಗಿನಿಂದ ಕೈ ಹೊರತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹತ್ತಲಾ ಭೀಮಾ, ಲಾರಿ ಹತ್ತು," ಎಂದಳು. "ಹೆಂಗೂ ನಾಳಿಂದ ಅಂಗಳ ಇಲ್ಲ. ಇವತ್ತು ನಮ್ ಕೆಲ್ಸನಾದ್ರೂ ಮಾಡ್ಕಳಾನ."

ಭೀಮರಾಜು ಲಾರಿ ಹತ್ತಿದ. ಡ್ರೈವರು ತಡೆಯಲಿಲ್ಲ. ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತ ನಿಂತ. ನೆಲ ಜಾರುತ್ತಿತ್ತು, ಹೊತ್ತುಕೊಂಡು ಓಡಾಡುವ ಹಾಗಿರಲಿಲ್ಲ. ಜನ ಲಾರಿಯಿಂದ ಅಂಗನವಾಡಿಯವರೆಗೆ ಒಬ್ಬರ ಪಕ್ಕ ಒಬ್ಬರು ನಿಂತರು. ಭೀಮರಾಜು ಮೊದಲ ಬಕೆಟ್ ಇಳಿಸಿದ. ಹುಚ್ಚರಂಗಯ್ಯ ಹಿಡಿದ. ಅವನಿಂದ ಪಕ್ಕದವಳು, ಅವಳಿಂದ ಸಿದ್ದಕ್ಕ. ಸಿದ್ದಕ್ಕನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು.

"ಅಯ್ಯೋ!" ಎಂದರು ಗಿರಿಜಾಂಬಿಕಾ ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ಇದು! ಪುಷ್ಪಲತಾ, ಇದನ್ನ ತೆಗಿ! ನೋಡು, ಎಷ್ಟೊಂದು ಕೈ! ಕೈಯಿಂದ ಕೈಗೆ ಹೋಗ್ತಿದೆ. ಬ್ಯಾನರೂ ಬರುತ್ತೆ ಮೇಲೆ. ಬೇಗ ತೆಗಿ. ಇದೊಂದು ಫೋಟೋ ಸಾಕು, ಕೆಲಸ ನಿಂದೇ. ನಾನೇ ಮಾತಾಡ್ತೀನಿ ಆಫೀಸಲ್ಲಿ."

ಪುಷ್ಪಲತಾಳ ಕೈ ಕ್ಯಾಮೆರಾದ ಮೇಲೆ ಹೋಯಿತು. ನಿಜಕ್ಕೂ ಒಳ್ಳೆಯ ಫೋಟೋ. ಅವಳಿಗೆ ಅದು ಕಾಣುತ್ತಿತ್ತು. ತಿಂಗಳ ಸಂಬಳವೂ ಕಾಣುತ್ತಿತ್ತು. ಅಂಗಳದ ಬಾಗಿಲು ಮುಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಫೋಟೋ ಕೆಳಗೆ ಏನ್ ಬರೀತೀರಿ ಮೇಡಂ?"

"ಅದೇ... ಸ್ಥಳೀಯ ಸಹಭಾಗಿಗಳ ನೆರವಿನಿಂದ, ಸಮುದಾಯವೇ ಮುಂದೆ ನಿಂತು..."

"ಗ್ಲೌಸಿನ ವಿಷ್ಯ ಬರೀತೀರಾ?"

ಮೇಡಂ ತಡವರಿಸಿದರು. "ಅದೆಲ್ಲ ಈಗ ಯಾಕಮ್ಮ? ಒಳ್ಳೇದನ್ನ ತೋರಿಸೋಣ."

ಪುಷ್ಪಲತಾ ಕ್ಯಾಮೆರಾದ ಪಟ್ಟಿಯನ್ನು ಕೊರಳಿನಿಂದ ತೆಗೆದಳು. ಸ್ಟೂಲಿನ ಮೇಲೆ ಇಡಲಿಲ್ಲ. ಮೇಡಂ ಕೈ ಹಿಡಿದು, ಅಂಗೈ ಬಿಡಿಸಿ, ಅದರೊಳಗೆ ಇಟ್ಟಳು. ಆಮೇಲೆ ಹೋಗಿ ಅವ್ವನ ಪಕ್ಕದ ಖಾಲಿ ಜಾಗದಲ್ಲಿ ನಿಂತಳು.

ಸಿದ್ದಕ್ಕ ಅವಳ ಮುಖ ನೋಡಲಿಲ್ಲ. ಬಕೆಟ್ಟನ್ನು ಅವಳ ಎದೆಗೆ ಒತ್ತಿ ಕೊಟ್ಟಳು. "ಭಾರ ಐತೆ. ಬಿಗಿಯಾಗಿ ಇಡ್ಕಳೇ," ಎಂದಳು.

"ಒಂದೇ ಒಂದು ಕ್ಲಿಕ್ಕು, ಪುಷ್ಪಲತಾ! ಆಮೇಲೆ ಬೇಕಾದ್ರೆ ನಿಂತ್ಕೊ!" ಎಂದು ಮೇಡಂ ಹಿಂದಿನಿಂದ ಕೂಗುತ್ತಲೇ ಇದ್ದರು.

"ಆಗಲ್ಲ ಮೇಡಂ," ಎಂದಳು ಪುಷ್ಪಲತಾ, ತಿರುಗಿ ನೋಡದೆ. "ನನ್ ಕೈಗೆ ಬಿಡುವಿಲ್ಲ."